ವಲಸೆ ಬಂದ ವಕೀಲ ರಾಜಕಾರಣಿಯ ಜೀವನಚಿತ್ರ ಬರೆಯುವ ಬಗೆ: ಫಿಜಿಯ ಎ. ಡಿ. ಪಟೇಲರ ನಿದರ್ಶನ

ಪರದೇಶಕ್ಕೆ ಹೋಗಿ ನೆಲೆಸಿ, ವಕೀಲಿ ವೃತ್ತಿಯಿಂದ ರಾಜಕಾರಣಕ್ಕೆ ಬಂದವರೊಬ್ಬರ ಜೀವನಚಿತ್ರವನ್ನು ಬರೆಯಲು ಹೊರಟವರು, ಅವರು ಗಳಿಸಿದ ಪದವಿ ಮತ್ತು ಸ್ಥಾನಗಳ ಪಟ್ಟಿಯನ್ನು ಸ್ವಲ್ಪ ಕಾಲ ಬದಿಗಿಟ್ಟು, ಅವರ ಬಳಿ ವಕಾಲತ್ತಿಗೆ ಬರುತ್ತಿದ್ದವರು ಯಾರು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಕಕ್ಷಿದಾರರ ಸಂಕಟವೇ ಮುಂದೆ ಅಂಥ ನಾಯಕರ ರಾಜಕೀಯ ಬೇಡಿಕೆಯಾಗುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಆಗ ಬ್ರಿಟಿಷ್ ವಸಾಹತಾಗಿದ್ದ ಪೆಸಿಫಿಕ್ ದ್ವೀಪದೇಶ ಫಿಜಿಯ ಅಂಬಾಲಾಲ್ ಡಾಹ್ಯಾಭಾಯಿ ಪಟೇಲರ ಬದುಕು ಇದಕ್ಕೆ ಒಳ್ಳೆಯ ನಿದರ್ಶನ. 1905ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಹುಟ್ಟಿದ ಅವರು ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ, 1928ರಲ್ಲಿ ಫಿಜಿಗೆ ಬಂದು, ಅಲ್ಲಿನ ಕಬ್ಬು ಬೆಳೆಗಾರರ ನಾಯಕರಾಗಿ, ಫೆಡರೇಷನ್ ಪಾರ್ಟಿಯನ್ನು ಮುನ್ನಡೆಸಿದರು.

ವ್ಯಕ್ತಿ ಬಂದಿಳಿದ ನಾಡು ಅದಕ್ಕೆ ಮುಂಚೆ ಹೇಗಿತ್ತು ಎಂಬುದನ್ನು ಓದುಗರಿಗೆ ಮೊದಲು ತೋರಿಸಿ. 1879ರಿಂದ 1916ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಗಿರ್ಮಿಟ್ ಎಂಬ ಕಡ್ಡಾಯ ಕೂಲಿಯ ಕರಾರಿನ ಮೇಲೆ ಫಿಜಿಯ ಕಬ್ಬಿನ ತೋಟಗಳಿಗೆ ಸಾಗಿಸಲಾಗಿತ್ತು. ಅವರ ಪರವಾಗಿ ನಿಂತ ಮಣಿಲಾಲ್ ಡಾಕ್ಟರ್ ಎಂಬ ವಕೀಲರು 1912ರಲ್ಲಿ ಅಲ್ಲಿಗೆ ಬಂದಿದ್ದರು. 1920ರ ಭಾರತೀಯ ಕಾರ್ಮಿಕರ ಮುಷ್ಕರದ ನಂತರ ವಸಾಹತು ಸರ್ಕಾರ ಅವರನ್ನು ದೇಶದಿಂದ ಹೊರಗಟ್ಟಿತು. ಪಟೇಲರು ಗಿರ್ಮಿಟ್ಟಿನಲ್ಲಿ ಬಂದವರಲ್ಲ, ಬ್ಯಾರಿಸ್ಟರ್ ಪದವಿಯೊಂದಿಗೆ ಸ್ವತಂತ್ರವಾಗಿ ಬಂದವರು. ಈ ಅಂತರವನ್ನು ಬರೆಯುವವರು ಮುಚ್ಚಿಡಬಾರದು. ವಲಸಿಗರೆಂದರೆ ಎಲ್ಲರೂ ಒಂದೇ ಎಂಬಂತೆ ಬರೆದರೆ, ಸಾಲದಲ್ಲಿದ್ದ ಒಬ್ಬ ರೈತ ಗುಜರಾತಿನ ಈ ಹೊಸ ವಕೀಲರನ್ನು ಏಕೆ ನಂಬಿದ ಎಂಬ ಮುಖ್ಯ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ.

ಆ ಉತ್ತರ ಇರುವುದು ಬೆಳೆಗಾರರಿಗೂ ಸಕ್ಕರೆ ಕಂಪನಿಗೂ ನಡುವಿನ ಕಬ್ಬಿನ ಕರಾರಿನಲ್ಲಿ. ಆದ್ದರಿಂದ ನಿಮ್ಮ ಹೆಚ್ಚಿನ ಶ್ರಮವನ್ನು ಅಲ್ಲಿಯೇ ವ್ಯಯಿಸಿ. ಗಿರ್ಮಿಟ್ ಪದ್ಧತಿ 1920ರಲ್ಲಿ ಕೊನೆಗೊಂಡ ಮೇಲೆ, ಆಸ್ಟ್ರೇಲಿಯಾದ ಕಲೋನಿಯಲ್ ಶುಗರ್ ರಿಫೈನಿಂಗ್ ಕಂಪನಿಯು ತನ್ನ ತೋಟಗಳನ್ನು ಸುಮಾರು ಹತ್ತು ಎಕರೆಯ ತುಂಡುಗಳಾಗಿ ಮಾಡಿ ಭಾರತೀಯರಿಗೆ ಗುತ್ತಿಗೆಗೆ ಕೊಟ್ಟಿತು. ಗಾಣದ ಕಾರ್ಖಾನೆ ಕಂಪನಿಯದು, ಕಬ್ಬು ಸಾಗಿಸುವ ರೈಲೂ ಅದರದೇ, ಕೊಳ್ಳುವವರು ಬೇರೆ ಯಾರೂ ಇಲ್ಲ; ರೈತನ ಪಾಲಿಗೆ ಉಳಿದದ್ದು ದುಡಿಮೆ ಮತ್ತು ಬೆಳೆ ಕೈಕೊಟ್ಟರೆ ಬರುವ ನಷ್ಟ. ಬೆಲೆಯನ್ನು ಯಾರು ಗೊತ್ತುಮಾಡುತ್ತಿದ್ದರು, ಸಕ್ಕರೆ ಮಾರಿ ಬಂದ ಹಣ ಹೇಗೆ ಹಂಚಿಕೆಯಾಗುತ್ತಿತ್ತು ಎಂಬುದನ್ನು ಓದುಗರಿಗೆ ಸ್ಪಷ್ಟವಾಗಿ ತಿಳಿಸಿದ ನಂತರವಷ್ಟೇ, ಪಟೇಲರು ರಾಮಕೃಷ್ಣ ಮಿಷನ್ನಿನ ಸ್ವಾಮಿ ರುದ್ರಾನಂದರ ಜೊತೆಗೂಡಿ ಕಬ್ಬು ಬೆಳೆಗಾರರ ಸಂಘಟನೆಯಾದ ಮಹಾ ಸಂಘವನ್ನು ಮುನ್ನಡೆಸಿದ್ದನ್ನೂ 1943ರ ಕಬ್ಬು ಮುಷ್ಕರವನ್ನೂ ವಿವರಿಸಿ. ಅದು ಮಹಾಯುದ್ಧದ ಕಾಲ. ಮುಷ್ಕರ ಹೂಡಿದವರು ದ್ರೋಹಿಗಳೆಂಬ ಆರೋಪ ಬಂತು. ಆ ಆರೋಪವನ್ನೂ ಮುಷ್ಕರ ಹೂಡಲು ಬೆಳೆಗಾರರಿಗಿದ್ದ ಕಾರಣಗಳನ್ನೂ ಒಂದೇ ಪುಟದಲ್ಲಿ ಇಟ್ಟು ತೋರಿಸುವುದು ನ್ಯಾಯ.

ಸೋಲುಗಳನ್ನು ಬಿಡಬೇಡಿ. 1944ರಲ್ಲಿ ಶಾಸನಸಭೆಗೆ ಆಯ್ಕೆಯಾದ ಪಟೇಲರು 1950ರಲ್ಲಿ ಸೋತು, 1963ರವರೆಗೆ ಸಭೆಯ ಹೊರಗೇ ಇದ್ದರು. 1960ರ ಕಬ್ಬು ಮುಷ್ಕರ ನಡೆದದ್ದು ಈ ಅವಧಿಯಲ್ಲಿ. ಚುನಾವಣಾ ವರ್ಷಗಳನ್ನು ಮಾತ್ರ ಹಿಡಿದು ಬರೆಯುವ ಜೀವನಚಿತ್ರದಲ್ಲಿ ಇಂಥ ಇಡೀ ಒಂದು ದಶಕ ಕಾಣೆಯಾಗುತ್ತದೆ.

ಸಾಂವಿಧಾನಿಕ ಬೇಡಿಕೆಯ ವಿಷಯಕ್ಕೆ ಬಂದಾಗ ಎರಡು ಎಚ್ಚರಗಳು ಅಗತ್ಯ. ಜನಾಂಗಕ್ಕೊಂದು ಪ್ರತ್ಯೇಕ ಪಟ್ಟಿಯ ಬದಲು ಎಲ್ಲ ಜನಾಂಗದವರಿಗೂ ಒಂದೇ ಮತದಾರರ ಪಟ್ಟಿ ಇರಬೇಕೆಂದು ಪಟೇಲರು 1965ರ ಲಂಡನ್ ಸಮ್ಮೇಳನದಲ್ಲಿ ವಾದಿಸಿದರು. ಆದರೆ ಆ ಬೇಡಿಕೆ ಅವರಿಂದ ಹುಟ್ಟಿದ್ದಲ್ಲ. 1929ರಲ್ಲಿಯೇ ಶಾಸನಸಭೆಯ ಭಾರತೀಯ ಸದಸ್ಯ ವಿಷ್ಣು ದೇವ್ ಅದನ್ನು ಮಂಡಿಸಿ, ಸೋತಾಗ ಸಂಗಡಿಗರೊಂದಿಗೆ ಸಭಾತ್ಯಾಗ ಮಾಡಿದ್ದರು. ನಾಯಕನ ಮೇಲಿನ ಅಭಿಮಾನದಿಂದ ಹಿಂದಿನವರ ಕೆಲಸವನ್ನು ಅಳಿಸುವುದು ಸಲ್ಲದು. ಇನ್ನೊಂದು, ವಿರೋಧಿಸಿದವರ ಭಯವನ್ನು ಅವರದೇ ನೆಲೆಯಿಂದ ವಿವರಿಸಬೇಕು. 1940ರ ದಶಕದಲ್ಲಿ ಭಾರತೀಯರ ಸಂಖ್ಯೆ ಮೂಲನಿವಾಸಿ ಫಿಜಿಯನ್ನರ ಸಂಖ್ಯೆಯನ್ನು ಮೀರಿತ್ತು. ಒಂದೇ ಪಟ್ಟಿಯಾದರೆ ತಮ್ಮ ಭೂಮಿಯೂ ಅಧಿಕಾರವೂ ಕೈತಪ್ಪುತ್ತವೆ ಎಂಬ ಅಳುಕು ಫಿಜಿಯನ್ ಮುಖಂಡರಲ್ಲಿತ್ತು. ನನ್ನ ಒಲವು ಪಟೇಲರ ವಾದದ ಕಡೆಗಿದೆ, ಆದರೂ ಈ ಅಳುಕನ್ನು ಬರಿಯ ಹಟವೆಂದು ಬರೆದರೆ ಫಿಜಿಯ ಇತಿಹಾಸ ಅರ್ಥವಾಗುವುದಿಲ್ಲ. 1967ರ ಸೆಪ್ಟೆಂಬರಿನಲ್ಲಿ ಪಟೇಲರೂ ಅವರ ಪಕ್ಷದ ಸದಸ್ಯರೂ ಸಭೆಯಿಂದ ಹೊರನಡೆದರು. ಅದರಿಂದ ತೆರವಾದ ಒಂಬತ್ತು ಸ್ಥಾನಗಳನ್ನೂ 1968ರ ಉಪಚುನಾವಣೆಯಲ್ಲಿ ಆ ಪಕ್ಷವೇ ಗೆದ್ದುಕೊಂಡಿತು. ಗೆಲುವಿನ ಜೊತೆಗೆ, ಅದರಿಂದ ಜನಾಂಗಗಳ ನಡುವೆ ಹೆಚ್ಚಿದ ಉದ್ವೇಗವನ್ನೂ ದಾಖಲಿಸಿ.

ಕೊನೆಯ ಭಾಗದಲ್ಲಿ ಮರಳಿ ಕರಾರಿಗೆ ಬನ್ನಿ. 1969ರಲ್ಲಿ ಹೊಸ ಕಬ್ಬಿನ ಕರಾರಿನ ವಿವಾದದ ಮಧ್ಯಸ್ಥಿಕೆಗೆ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಡೆನ್ನಿಂಗ್ ಬಂದಾಗ, ಪಟೇಲರು ಬೆಳೆಗಾರರ ಪರವಾಗಿ ವಾದ ಮಂಡಿಸಿದರು. ಶಾಸನಸಭೆಯ ವಿರೋಧ ಪಕ್ಷದ ನಾಯಕರು ಮತ್ತೆ ವಕೀಲರಾಗಿ ನಿಂತ ಈ ಪ್ರಕರಣಕ್ಕೆ ಸಾಕಷ್ಟು ಜಾಗ ಕೊಡಿ, ಏಕೆಂದರೆ ಅವರ ಎರಡೂ ವೃತ್ತಿಗಳು ಇಷ್ಟು ಸ್ಪಷ್ಟವಾಗಿ ಒಂದಾಗಿ ಕಾಣುವುದು ಇಲ್ಲಿಯೇ. ಅದೇ ವರ್ಷದ ಅಕ್ಟೋಬರ್ 1ರಂದು ಅವರು ತೀರಿಕೊಂಡರು.

ಜೀವನಚಿತ್ರವನ್ನು ಆ ದಿನಕ್ಕೆ ನಿಲ್ಲಿಸಬಾರದು. 1970ರಲ್ಲಿ ಬಂದ ತೀರ್ಪು ಸಕ್ಕರೆಯ ಆದಾಯದಲ್ಲಿ ಬೆಳೆಗಾರರಿಗೆ ಶೇಕಡಾ 65, ಕಾರ್ಖಾನೆಗೆ ಶೇಕಡಾ 35 ಎಂದು ಗೊತ್ತುಮಾಡಿ, ಕಬ್ಬಿಗೆ ಕನಿಷ್ಠ ಬೆಲೆಯ ಭರವಸೆಯನ್ನೂ ಕೊಟ್ಟಿತು. ಅದೇ ವರ್ಷದ ಅಕ್ಟೋಬರ್ 10ರಂದು ಫಿಜಿ ಸ್ವತಂತ್ರವಾಯಿತು. ಸ್ವಾತಂತ್ರ್ಯದ ಮಾತುಕತೆಗಳಲ್ಲಿ ಪಟೇಲರ ಪಕ್ಷವನ್ನು ಪ್ರತಿನಿಧಿಸಿದವರು ಫಿಜಿಯಲ್ಲೇ ಹುಟ್ಟಿದ ವಕೀಲ ಸಿದ್ದಿಕ್ ಕೋಯ. ಡೆನ್ನಿಂಗ್ ತೀರ್ಪಿನ ಕರಾರಿನಡಿ ಮುಂದುವರಿಯಲು ಒಪ್ಪದ ಸಕ್ಕರೆ ಕಂಪನಿ 1973ರಲ್ಲಿ ಫಿಜಿಯನ್ನು ಬಿಟ್ಟಿತು, ಅದರ ಕಾರ್ಖಾನೆಗಳು ಫಿಜಿ ಸರ್ಕಾರದ ಒಡೆತನಕ್ಕೆ ಬಂದವು.