ಪಾಯಿಂಟ್ 22 ಗುಂಡಿನ್ಯಾಗ ಯಾವ ಲಾಟ್ ಛಲೋ, ನಾನು ಹೆಂಗ ನೋಡ್ಕೋತೀನಿ

ಏರ್ ರೈಫಲ್ ಶೂಟಿಂಗ್ ಬಿಟ್ಟು ಪಾಯಿಂಟ್ 22 (0.22 ಇಂಚಿನ ನಳಿಗಿ) ರೈಫಲ್‌ನ 50 ಮೀಟರ್ ಶೂಟಿಂಗ್‌ಗೆ ಬರೂ ಹುಡುಗ್ರು ಕೇಳೂ ಮೊದಲ್ನೇ ಪ್ರಶ್ನೆ ಒಂದ, "ಅಣ್ಣಾ, ಯಾವ ಕಂಪನಿ ಗುಂಡು ತಗೋಬೇಕ್ರಿ?" 2024ರಾಗ ಪ್ಯಾರಿಸ್ ಒಲಿಂಪಿಕ್ಸ್‌ದಾಗ ಸ್ವಪ್ನಿಲ್ ಕುಸಾಳೆ 50 ಮೀಟರ್ ತ್ರೀ ಪೊಸಿಷನ್‌ದಾಗ (ಮೊಣಕಾಲೂರಿ, ಮಲಗಿ, ನಿಂತು ಹೊಡಿಯೂದು) ಕಂಚು ತಂದ ಮ್ಯಾಲಂತೂ (ಅಂವ ಕೊಲ್ಲಾಪುರ ಕಡ್ಯಾಂವ, ಹುಬ್ಬಳ್ಳಿ-ಧಾರವಾಡದವ್ರಿಗೆ ಮಗ್ಗಲದ ಊರ ಅಲ್ಲೇನ್ರಿ) ಈ ಪ್ರಶ್ನೆ ಇನ್ನೂ ಜಾಸ್ತಿ ಆಗೇತಿ. ನಾ ಹೇಳೂದು ಇಷ್ಟ, ಕಂಪನಿ ಆಮ್ಯಾಲೆ ಕೇಳ್ರಿ, ಮೊದ್ಲ ಲಾಟ್ ನಂಬರ್ ನೋಡ್ರಿ (ಲಾಟ್ ಅಂದ್ರ ಫ್ಯಾಕ್ಟರ್‍ಯಾಗ ಒಂದ ಸಲಕ್ಕ ಕೂಡೇ ತಯಾರಾದ ಗುಂಡಿನ ಕಂತು), ಅದನ್ನ ನಿಮ್ಮ ಬ್ಯಾರಲ್‌ದಾಗ ಹೊಡದು ನೋಡ್ರಿ. ಒಂದ ಹೆಸರಿನ ಡಬ್ಬಿ, ಒಂದ ರೇಟು, ಆದ್ರ ಒಂದು ಲಾಟ್ ನನ್ನ ರೈಫಲ್‌ದಾಗ ಟೆನ್ (ಟಾರ್ಗೆಟ್ ನಡುವಿನ ಹತ್ತು ಅಂಕದ ರಿಂಗ್) ಬಿಟ್ಟು ಹೊರಗ ಹೋಗೂದಿಲ್ಲ, ಇನ್ನೊಂದು ಲಾಟ್ ಎಂಟು-ಹತ್ತು ಗುಂಡಿಗೆ ಒಮ್ಮೆ ನೈನ್‌ಗೆ ಒಗೀತೈತಿ.

ಯಾಕಂದ್ರ ದೊಡ್ಡ ರೈಫಲ್‌ನವ್ರು ಹೆಂಗ ತಮ್ಮ ಕಾರ್ಟ್ರಿಜ್ ತಾವ ತುಂಬ್ಕೋತಾರೋ ಹಂಗ ನಮಗ ಮಾಡಾಕ ಬರೂದಿಲ್ಲ. ನಮ್ಮದು ರಿಮ್‌ಫೈರ್, ಅಂದ್ರ ಕೇಸಿನ (ಗುಂಡು ಕುಂತಿರೂ ಲೋಹದ ಕೊಳವಿ) ಅಂಚಿನ ಒಳಗ ಪ್ರೈಮರ್ ಮಸಾಲಿ, ಪೆಟ್ಟು ಬಿದ್ರ ಬೆಂಕಿ ಹತ್ತೂದು, ಇರ್ತೈತಿ, ಫ್ಯಾಕ್ಟರ್‍ಯಾಗ ಹಸಿ ಇದ್ದಾಗ ಕೇಸನ್ನ ಗರಗರ ತಿರಗ್ಸಿ ಅಂಚಿಗೆ ಹೋಗೂ ಹಂಗ ಮಾಡ್ತಾರ, ಅದು ಸುತ್ತಲೂ ಒಂದ ಸಮ ಕುಂತಿಲ್ಲ ಅಂದ್ರ ಉರಿಯೂದ್ರಾಗ ಫರಕ್ ಬರ್ತೈತಿ. ಮ್ಯಾಲೆ 40 ಗ್ರೇನಿನ (ಸುಮಾರು 2.6 ಗ್ರಾಂ) ಸೀಸದ ಗುಂಡು, ಅದಕ್ಕ ಹಚ್ಚಿದ ಮೇಣ ಇಲ್ಲಾ ಗ್ರೀಸು, ಕೇಸಿಗೆ ಗುಂಡು ಕಚ್ಚಿದ ಬಿಗಿ, ಇವೆಲ್ಲಾ ಲಾಟ್‌ನಿಂದ ಲಾಟ್‌ಗೆ ಒಂದೀಟ ಬದಲಾಕ್ಕಾವ. ನಾವು ಮಾಡೂದು ಏನಿದ್ರೂ ಆರಸೂದು ಒಂದ.

ಫರಕ್ ಎಷ್ಟ ಅಂತ ಲೆಕ್ಕಾ ಹಾಕಿದ್ರ ಗಾಬರಿ ಆಕೈತಿ. ಮ್ಯಾಚ್ ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ಸ್ಪೀಡ್‌ನಾಗ ಹೊಂಡ್ತೈತಿ, ಶಬ್ದದ ವೇಗಕ್ಕಿಂತ ಒಂದೀಟ ಕಮ್ಮಿ ಇರ್ಲಿ ಅಂತನ ಹಂಗ ಮಾಡಿರ್ತಾರ. 50 ಮೀಟರ್ ಮುಟ್ಟೂದ್ರಾಗ ಅದು ಹತ್ರ ಹತ್ರ 12 ಸೆಂಟಿಮೀಟರ್ ಕೆಳಗ ಇಳಿದಿರ್ತೈತಿ. ಒಂದ ಗುಂಡು 10 ಮೀಟರ್ ಸ್ಪೀಡ್ ಕಮ್ಮಿ ಬಂತು ಅಂದ್ರ ಉಳಿದವಕ್ಕಿಂತ 7 ಮಿಲಿಮೀಟರ್ ಕೆಳಗ ಬೀಳ್ತೈತಿ. ಈಗ ಟಾರ್ಗೆಟ್ ನೋಡ್ರಿ, ಟೆನ್ ರಿಂಗ್ ಅಗಲ 10.4 ಮಿಲಿಮೀಟರ್, ಗುಂಡಿನ ದಪ್ಪ 5.6, ಗೆರಿ ಮುಟ್ಟಿದ್ರ ಟೆನ್. ಅಂದ್ರ ಗುಂಡಿನ ನಡುಭಾಗ ಸೆಂಟರ್‌ನಿಂದ 8 ಮಿಲಿಮೀಟರ್ ಒಳಗ ಇರಬೇಕು. ಅದ್ರಾಗ 7 ಮಿಲಿಮೀಟರ್ ಗುಂಡ ತಿಂದ್ರ ನಿಮ್ಮ ಕೈಗೆ, ಉಸರಿಗೆ, ಟ್ರಿಗರಿಗೆ ಉಳಿಯೂದೇನು?

ಹಿಂಗಾಗಿ ನನ್ನ ಅಳತಿ ಆ 8ರ ಎರಡ ಪಟ್ಟು, 16 ಮಿಲಿಮೀಟರ್. ರೆಸ್ಟ್ ಮ್ಯಾಲಿಟ್ಟು ಹೊಡದಾಗ ಒಂದ ಲಾಟಿನ ಎಲ್ಲಾ ಗುಂಡೂ ನಡುವಿನಿಂದ ನಡುವಿಗೆ 16 ಮಿಲಿಮೀಟರ್ ಸರ್ಕಲ್ ಒಳಗ ಬೀಳಬೇಕು, ಅದು ಕನಿಷ್ಠ. 12-13ರಾಗ ಬಂದ್ರ ಖುಷಿ.

ಇನ್ನ ಹೊಡಿಯೂ ರೀತಿ. ವಿದೇಶದಾಗ ಎಲಿ (Eley), ಲಾಪುವಾ ಅನ್ನೂ ಗುಂಡಿನ ಕಂಪನಿಯವ್ರ ಟೆಸ್ಟ್ ರೇಂಜ್ ಅದಾವ, ಒಂದು ಬರ್ಮಿಂಗ್‌ಹ್ಯಾಮ್‌ದಾಗ, ಒಂದು ಜರ್ಮನಿಯ ಶೋನೆಬೆಕ್‌ದಾಗ, ದೊಡ್ಡ ಶೂಟರ್‌ಗಳು ಅಲ್ಲಿಗೆ ರೈಫಲ್ ಒಯ್ದು ಶಿಕಂಜಿಗೆ ಬಿಗದು ಲಾಟ್ ಆರಿಸ್ಕೊಂಡು ಬರ್ತಾರ. ನಮಗ ಅದೆಲ್ಲಾ ಎಲ್ಲಿದ್ದೀತು. ನಾನು ಭಾರದ ಟೇಬಲ್ ಒಂದಕ್ಕ, ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಸಾಣಿಸಿದ ಮರಳು ತುಂಬಿ ಹೊಲಿಸಿದ ಎರಡು ಚೀಲ ಇಟ್ಕೊಂಡೀನಿ, ಮುಂದಿಂದು ದೊಡ್ಡದು, ಬಟ್ (ರೈಫಲ್ ಹಿಂದಿನ ತುದಿ) ಕೆಳಗಿಂದು ಸಣ್ಣದು. ರೈಫಲ್ ಹಳೇ ಆನ್‌ಶುಟ್ಸ್ ಕಂಪನಿದು, 54 ಅನ್ನೂ ಮಾದರಿಯ ಆಕ್ಷನ್ (ಬೋಲ್ಟ್ ಕೂಡೂ ಭಾಗ). ಡಯೋಪ್ಟರ್ ಸೈಟ್ (ಸಣ್ಣ ತೂತಿನಿಂದ ಗುರಿ ನೋಡೂದು) ತಗದು ದೊಡ್ಡ ಪವರಿನ ಸ್ಕೋಪ್ ಹಾಕ್ತೀನಿ, ಕಣ್ಣಿನ ತಪ್ಪು ಗುಂಡಿನ ಲೆಕ್ಕಕ್ಕ ಸೇರಬಾರದು ಅಂತ. ಮುಂದಿನ ಚೀಲ ರೈಫಲ್ಲಿನ ಕಟ್ಟಿಗಿಗೆ ಯಾವ ಜಾಗಾದಾಗ ಮುಟ್ಟಬೇಕು ಅಂತ ಟೇಪ್ ಹಚ್ಚಿ ಗುರ್ತು ಮಾಡೀನಿ, ಪ್ರತಿ ಸಲ ಅಲ್ಲೇ ಕೂಡಬೇಕು, ಒಂದ ಇಂಚು ಹಿಂದ-ಮುಂದ ಆದ್ರೂ ಗ್ರೂಪ್ (ಟಾರ್ಗೆಟ್ ಮ್ಯಾಲೆ ತೂತಿನ ಗುಂಪು) ಬ್ಯಾರೆ ಕಡೆ ಹೋಗ್ತೈತಿ. ಶುರು ಮಾಡೂ ಮೊದ್ಲ ಆಕ್ಷನ್‌ನ ಕಟ್ಟಿಗಿಗೆ ಹಿಡಿಯೂ ಸ್ಕ್ರೂ ಎಷ್ಟ ಬಿಗಿ (ಟಾರ್ಕ್) ಐತಿ ನೋಡ್ಕೋರಿ, ಅದು ಸಡ್ಲ ಇದ್ರ ಟೆಸ್ಟ್ ಎಲ್ಲಾ ದಂಡ.

ಗಾಳಿ ನಮ್ಮ ಕಡೆ ದೊಡ್ಡ ತಲಿನೋವು. ಸೆಕೆಂಡಿಗೆ ಒಂದ ಮೀಟರ್ ಅಡ್ಡಗಾಳಿ, ಅಂದ್ರ ಮುಖಕ್ಕ ಹತ್ತಿತೋ ಇಲ್ಲೋ ಅನ್ನೂವಷ್ಟು, ಅದಕ್ಕ ಗುಂಡು ಸುಮಾರು 6 ಮಿಲಿಮೀಟರ್ ಸರೀತೈತಿ. ಆಷಾಢದ ಗಾಳ್ಯಾಗ ಧಾರವಾಡದಾಗ ಲಾಟ್ ಟೆಸ್ಟ್ ಮಾಡ್ತೀನಿ ಅನ್ನೂದು ಹುಚ್ಚತನ, ಗದಗ ಕಡೆ ಕಪ್ಪತಗುಡ್ಡದ ಮ್ಯಾಲೆ ಆ ಗಾಳಿ ಕರೆಂಟಿನ ಫ್ಯಾನು ಸುಮ್ನ ನಿಲ್ಲಿಸ್ಯಾರೇನು. ನಾನು ದಸರಾ ಆದ ಮ್ಯಾಲೆ, ಮುಂಜಾನೆ ಬಿಸಿಲು ಏರೂ ಮೊದ್ಲ ಹೊಡಿತೀನಿ. ದಾರ್‍ಯಾಗ ಎರಡು ಕಡೆ ಕೋಲು ನೆಟ್ಟು ಕ್ರೇಪ್ ಪೇಪರ್ ಪಟ್ಟಿ ಕಟ್ಟೀನಿ, ಪಟ್ಟಿ ಎರಡೂ ಸುಮ್ನ ಜೋತು ಬಿದ್ದಾಗಷ್ಟ ಟ್ರಿಗರ್.

ಆದ್ರ ಥಂಡಿ ಮುಂಜಾನೆಗೂ ಒಂದ ಕಿರಿಕಿರಿ ಐತಿ, ಗುಂಡಿನ ಮೇಣ ಗಟ್ಟಿ ಆಗಿರ್ತೈತಿ, ನವೆಂಬರ್‌ನ್ಯಾಗ ಛಲೋ ಹೊಡದ ಲಾಟ್ ಏಪ್ರಿಲ್ ಬಿಸಿಲಾಗ ಹಂಗ ಇರ್ತೈತಿ ಅಂತ ಗ್ಯಾರಂಟಿ ಇಲ್ಲ. ಹಿಂಗಾಗಿ ಆರಿಸಿದ ಲಾಟನ್ನ ಬ್ಯಾಸಗ್ಯಾಗ ಇನ್ನೊಮ್ಮೆ ನೋಡ್ತೀನಿ. ಡಬ್ಬಿ ಯಾವತ್ತೂ ನೆರಳಾಗ, ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲೆ ಇಡೂ ಮಂದಿ ನೋಡೀನಿ, ಅವ್ರಿಗೆ ಏನ ಹೇಳೂದು.

ಈಗ ಮುಖ್ಯದ್ದು. ಒಂದ ಗುಂಡಿನಿಂದ ಇನ್ನೊಂದಕ್ಕ ಹೋಗೂಮುಂದ ಬ್ಯಾರಲ್ ಒಳಗ ಹಳೇ ಗುಂಡಿನ ಮೇಣ ಇರ್ತೈತಿ. ಹೊಸದು ಅದರ ಮ್ಯಾಲೆ ತನ್ನ ಪದರ ಕೂಡಸೂತನಾ ಗ್ರೂಪ್ ಅಡ್ಡಾದಿಡ್ಡಿ. ಹಂಗಾಗಿ ಒಂದೆರಡು ಪ್ಯಾಚ್ (ಅರಿವಿ ತುಂಡು) ಎಳದು ಒರಸ್ತೀನಿ, ಆಮ್ಯಾಲೆ ಹೊಸಾ ಗುಂಡು 15-20 ಸುಮ್ನ ದಿಬ್ಬಕ್ಕ ಹೊಡಿತೀನಿ, ಇದಕ್ಕ ಸೀಸನಿಂಗ್ ಅಂತೀನಿ, ಅದು ಲೆಕ್ಕಕ್ಕಿಲ್ಲ. ಒಂದ ಕಂಪನಿದ ಬ್ಯಾರೆ ಲಾಟ್ ಆದ್ರ ಇಷ್ಟ ಬೇಕಾಗಿಲ್ಲ, ಹತ್ತು ಸಾಕು. ರೊಕ್ಕ ಹೋಗ್ತೈತಿ ಅಂತ ಹೊಟ್ಟಿ ಉರೀತೈತಿ ಖರೆ, ಆದ್ರ ಇದನ್ನ ಬಿಟ್ಟು ಹೊಡದ ಟೆಸ್ಟ್ ಟೆಸ್ಟೇ ಅಲ್ಲ.

ಆಮ್ಯಾಲೆ ಒಂದ ಲಾಟಿಗೆ ಹತ್ತರ ಗ್ರೂಪ್ ನಾಲ್ಕು, ಒಟ್ಟು 40. ಐದ ಗುಂಡಿನ ಗ್ರೂಪ್ ಫೋಟೋ ಹಾಕಿ "ನೋಡ್ರಿ 6 ಮಿಲಿಮೀಟರ್" ಅನ್ನೂವ್ರನ್ನ ನಾನು ನಂಬೂದಿಲ್ಲ. ಅನ್ನ ಬೆಂದೇತೋ ಇಲ್ಲೋ ಒಂದ ಅಗಳು ಹಿಚುಕಿದ್ರ ಗೊತ್ತಾಕೈತಿ, ಲಾಟ್ ಹಂಗ ಗೊತ್ತಾಗೂದಿಲ್ಲ, ಇಲ್ಲಿ ಕೆಟ್ಟ ಅಗಳು ಇಪ್ಪತ್ತರಾಗ ಒಂದ ಇರ್ತೈತಿ. ಐದು ಹೊಡದ್ರ ಅದು ಸಿಗದನೇ ಇರಬಹುದು, ಮ್ಯಾಚ್‌ದಾಗ 60 ಹೊಡಿಯೂಮುಂದ ಸಿಕ್ಕ ಸಿಗ್ತೈತಿ. ನಾಲ್ಕೂ ಗ್ರೂಪ್ ಮುಗದ ಮ್ಯಾಲೆ ಟ್ರೇಸಿಂಗ್ ಪೇಪರ್ ಇಟ್ಟು ಗುರಿ ಚುಕ್ಕಿ ಮ್ಯಾಲೆ ಗುರಿ ಚುಕ್ಕಿ ಕೂಡಿಸಿ 40 ತೂತನ್ನೂ ಒಂದ ಹಾಳಿ ಮ್ಯಾಲೆ ಇಳಿಸ್ತೀನಿ. ಆವಾಗ ಲಾಟ್ ಮಾತಾಡ್ತೈತಿ ನೋಡ್ರಿ. ಉದ್ದಕ್ಕ ಮ್ಯಾಲ-ಕೆಳಗ ಹರಡಿದ್ರ ಸ್ಪೀಡ್ ಒಂದ ಸಮ ಇಲ್ಲ ಅಂತ, ಅಡ್ಡ ಹರಡಿದ್ರ ಗಾಳಿ ಇಲ್ಲಾ ನಂದ ಕೈ ಅಂತ. ನಾ ಮೊದಲು ನೋಡೂದು ಎಲ್ಲಾಕ್ಕಿಂತ ದೂರ ಹೋದ ಎರಡು-ಮೂರು ತೂತು. ಎರಡು ಗುಂಡು ದೂರ ಹೋದ್ರೂ ಉಳಿದದ್ದು ಭಾಳ ಚಂದ ಐತಿ ಅನ್ನೂ ಲಾಟ್ ನನಗ ಬ್ಯಾಡ, ಗ್ರೂಪ್ ಒಂದೀಟ ದಪ್ಪ ಇದ್ರೂ ಒಂದೂ ಹೊರಗ ಹೋಗದ ಲಾಟ್ ಬೇಕು.

ಇಲ್ಲೊಂದು ಕಟ್ಟುನಿಟ್ಟು ಬೇಕು. ಟ್ರಿಗರ್ ಎಳದಾಗ ನಾನ ಅಳ್ಳಾಡಿದ್ರ, ಸ್ಕೋಪಿನಾಗ ತೂತು ಹುಡುಕೂ ಮೊದ್ಲನ "ಇದು ನಂದು" ಅಂತ ಬಾಯಿಬಿಟ್ಟು ಹೇಳಬೇಕು. ತೂತು ನೋಡಿ ಆಮ್ಯಾಲೆ "ಅಯ್ಯೋ ಇದು ನಂದ ತಪ್ಪು" ಅಂದ್ರ ಇಷ್ಟದ ಲಾಟ್‌ನ ಉಳಿಸೂ ನೆವ ಅದು. ನಮ್ಮ ರೇಂಜ್‌ದಾಗ ಒಬ್ರು ಕಾಕಾ ಅದಾರ, ಮಿಲಿಟರಿಯಿಂದ ರಿಟೈರ್ ಆದವ್ರು, ಅವ್ರು ಮಗ್ಗಲಕ್ಕ ಕುಂತು ಬರ್ಕೋತಾರ. ಅವ್ರದ ಐಡಿಯಾ, ಡಬ್ಬಿಯಿಂದ ಗುಂಡು ತಗದು ಕಟ್ಟಿಗಿ ಬ್ಲಾಕಿನ್ಯಾಗ ಅವ್ರ ಹಾಕಿ ಕೊಡ್ತಾರ, ಯಾವುದು ದುಬಾರಿ ಯಾವುದು ಅಗ್ಗ ಅಂತ ನನಗ ಗೊತ್ತಾಗಬಾರದು. ಒಮ್ಮೆ ನಾನು, "ಕಾಕಾ, ಇದು ಟೆನೆಕ್ಸ್ ಇರಬೇಕಲ್ರಿ, ಹೆಂಗ ಕುಂತಾವ ನೋಡ್ರಿ" ಅಂದೆ (ಟೆನೆಕ್ಸ್ ಅಂದ್ರ ಎಲಿ ಕಂಪನಿಯ ದುಬಾರಿ ಗುಂಡು). "ಸುಮ್ನ ಹೊಡಿಯೋ ತಮ್ಮಾ, ಡಬ್ಬಿ ನನ್ನ ಕಿಸೇದಾಗ ಐತಿ" ಅಂದ್ರು. ಮುಗದ ಮ್ಯಾಲೆ ನೋಡಿದ್ರ ಅದು ಅರ್ಧಕ್ಕಿಂತ ಕಮ್ಮಿ ರೇಟಿನ ಎಸ್‌ಕೆ ಅನ್ನೂ ಹೆಸರಿನ ಗುಂಡು. ಇದರರ್ಥ ಎಸ್‌ಕೆ ಶ್ರೇಷ್ಠ ಅಂತಲ್ಲ, ಬ್ಯಾರೆ ಲಾಟಿನ ಎಸ್‌ಕೆ ನನ್ನ ಬ್ಯಾರಲ್‌ದಾಗ ಸುಮಾರ ಐತಿ, ಆ ಲಾಟ್ ಕೂಡಿ ಬಂತು ಅಷ್ಟ.

ಆರ್ಡರ್ ಬಗ್ಗೆ ಒಂದ ಮಾತು, ಎ-ಬಿ-ಸಿ ಅಂತ ಹೊಡದು ಬಿಟ್ರ ಕಡೀಗೆ ಬಂದ ಸಿ ಪಾಪ ಬಿಸಿಲು, ಗಾಳಿ, ನನ್ನ ದಣಿವು ಎಲ್ಲಾ ಹೊರ್ತೈತಿ, ಹಿಂಗಾಗಿ ಮರುದಿನ ಸಿ-ಬಿ-ಎ.

ತೂಕ ಮಾಡಿ ಬೇರ್ಪಡಿಸೂದನ್ನೂ, ರಿಮ್ (ಕೇಸಿನ ಅಂಚು) ದಪ್ಪ ಅಳೆಯೂದನ್ನೂ ಮಾಡಿ ನೋಡೀನಿ. ತೂಕಕ್ಕ ಸರಾಫ ಅಂಗಡಿ ಗೆಳ್ಯಾನ ತಕ್ಕಡಿ ಸಿಕ್ತು. ಛಲೋ ಲಾಟಿನ್ಯಾಗ ಇದರಿಂದ ಏನೂ ಫರಕ್ ಕಾಣ್ಲಿಲ್ಲ, ಅಗ್ಗದ್ರಾಗ ಪೂರಾ ಬ್ಯಾರೆ ಇದ್ದ ಒಂದೆರಡು ಹೊರಗ ಬಿದ್ದುವು. ರಾತ್ರಿ ಎಲ್ಲಾ ಕುಂತು ಇದನ್ನ ಮಾಡೂ ಬದಲಿ ಡ್ರೈ ಫೈರ್ (ಗುಂಡು ಇಲ್ಲದ ಟ್ರಿಗರ್ ಎಳಿಯೂದು) ಪ್ರಾಕ್ಟೀಸ್ ಮಾಡ್ರಿ. ಎಲಿ ಡಬ್ಬಿ ಮ್ಯಾಲೆ ಸ್ಪೀಡ್ ನಂಬರ್ ಬರದಿರ್ತೈತಿ, ಅದನ್ನ ನೋಡಿ ಲಾಟ್ ಹುಡುಕೂವ್ರೂ ಅದಾರ. ಅದು ಸರಾಸರಿ, ಒಳಗಿನ ಏರುಪೇರು ಎಷ್ಟ ಅಂತ ಅದು ಹೇಳೂದಿಲ್ಲ.

ಅಗ್ಗದ ಗುಂಡು ಹೊಡಿಯೂಮುಂದ ಠುಸ್ ಆಗೂದು ಐತಿ. ಟಕ್ ಅಂದು ಹಾರಲಿಲ್ಲ ಅಂದ್ರ ಗಡಿಬಿಡೀಲೆ ಬೋಲ್ಟ್ ತಗೀಬ್ಯಾಡ್ರಿ, ನಳಿಗಿ ಟಾರ್ಗೆಟ್ ಕಡೆನ ಇಟ್ಟು ಅರ್ಧ ನಿಮಿಷ ತಡೀರಿ, ಆಮ್ಯಾಲೆ ರೇಂಜ್ ಆಫೀಸರ್‌ಗೆ ಹೇಳಿ ತಗೀರಿ.

ಕೊಳ್ಳೂ ವಿಷಯ. ನಮಗ ಬೇಕಾದ ಲಾಟ್ ಬೇಕಾದಾಗ ಸಿಗೂದಿಲ್ಲ, ಇಂಪೋರ್ಟ್ ಆಗಿ ಯಾವುದು ಬಂತೋ ಅದು. ಮಾಲು ಬಂತು ಅಂತ ಸುದ್ದಿ ಬಂದ ಕೂಡ್ಲೆ ಲೈಸನ್ಸ್ ಹಿಡ್ಕೊಂಡು ಹೋಗಿ ಮೊದ್ಲ ಪ್ರತಿ ಲಾಟಿನ್ವು ಎರಡೆರಡು ಡಬ್ಬಿ, 50-50ರ ಲೆಕ್ಕದಾಗ ಒಂದ ನೂರು ಗುಂಡು, ಸೀಸನಿಂಗ್ ಮತ್ತ 40ರ ಟೆಸ್ಟ್ ಎರಡಕ್ಕೂ ಸಾಕಾಕ್ಕಾವ. ಆ ವಾರದಾಗನ ಟೆಸ್ಟ್ ಮುಗಿಸಿ, ಕೂಡಿ ಬಂದ ಲಾಟಿನ ಬ್ರಿಕ್ (ಡಬ್ಬಿಗಳ ದೊಡ್ಡ ಕಟ್ಟು) ನನ್ನ ಲೈಸನ್ಸಿನ ಮಿತಿಯೊಳಗ ಎಷ್ಟ ಬರ್ತಾವೋ ಅಷ್ಟೂ ಎತ್ಕೊಂಡು ಬರ್ತೀನಿ, ತಡಾ ಮಾಡಿದ್ರ ಬ್ಯಾರೆಯವ್ರು ಒಯ್ದಿರ್ತಾರ. ನನಗ ಒಗ್ಗದ ಲಾಟಿನ ನಂಬರ್ ಬ್ಯಾರೆ ಶೂಟರ್‌ಗಳಿಗೆ ಹೇಳ್ತೀನಿ, ಅವ್ರ ಬ್ಯಾರಲ್‌ಗೆ ಅದು ಕೂಡಬಹುದು. ನಂಬರ್ ಅಷ್ಟ ಹೇಳೂದ್ರಿ, ಗುಂಡು ಕೈಬದಲಿ ಕೊಡೂದಲ್ಲ, ಒಂದೊಂದಕ್ಕೂ ಲೈಸನ್ಸಿನ್ಯಾಗ ಲೆಕ್ಕ ಐತಿ.

ಸದ್ಯ ನನ್ನ ಹತ್ರ ಎರಡು ಲಾಟ್ ಉಳಿದಾವ, 40ರ ಹಾಳಿ ಎರಡೂ ಒಂದರ ಮ್ಯಾಲೆ ಒಂದಿಟ್ರ ಫರಕ್ ಕಾಣೂದಿಲ್ಲ. ಒಂದು ದುಬಾರಿ, ಒಂದು ಅಲ್ಲ. ಬ್ಯಾಸಗ್ಯಾಗ ಮಧ್ಯಾಹ್ನದ ಹೊತ್ತಿಗೆ ಎರಡನ್ನೂ ಪ್ರೋನ್ ಅಂದ್ರ ಹೊಟ್ಟಿ ಮ್ಯಾಲೆ ಮಲಗಿ, ಸ್ಲಿಂಗ್ (ತೋಳಿಗೆ ಕಟ್ಟೂ ಪಟ್ಟಿ) ಬಿಗದು ಹೊಡಿತೀನಿ, ಆವಾಗೂ ಸಮಾ ಬಂದ್ರ ದುಬಾರಿದನ್ನ ಇನ್ನೊಮ್ಮೆ ಕೊಳ್ಳೂದಿಲ್ಲ.