‘ದಿ’ ಇಲ್ಲದ ಒಂದು ವಾಕ್ಯ

ಡೆಟ್ರಾಯಿಟ್ ಹೊರವಲಯದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಕಾಲೇಜಿನಿಂದ ಕಾರಿನಲ್ಲಿ ಒಂದು ದಿಕ್ಕಿಗೆ ಹೋದರೆ ಡಿಯರ್‌ಬಾರ್ನ್. ಅಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅರಬ್ ಮೂಲದವರು. ಇನ್ನೊಂದು ದಿಕ್ಕಿಗೆ ಹೋದರೆ ಓಕ್ ಪಾರ್ಕ್, ಸೌತ್‌ಫೀಲ್ಡ್. ಶನಿವಾರ ಬೆಳಿಗ್ಗೆ ಯೆಹೂದಿ ಕುಟುಂಬಗಳು ಸಿನಗಾಗ್‌ಗೆ ನಡೆದುಕೊಂಡು ಹೋಗುತ್ತಿರುತ್ತವೆ. ಎರಡೂ ಕಡೆಯ ಮಕ್ಕಳು ನನ್ನ ಸಂಜೆ ತರಗತಿಗೆ ಬರುತ್ತಾರೆ. ಹಗಲೆಲ್ಲ ಎಲ್ಲೋ ದುಡಿದು, ಕಾಫಿ ಹಿಡಿದು, ಆಕಳಿಸುತ್ತಾ ಬರುವ ಮಕ್ಕಳು.

2023ರ ನವೆಂಬರ್‌ನಲ್ಲಿ ನಾನೊಂದು ಎಡವಟ್ಟು ಮಾಡಿದೆ. ಇಸ್ರೇಲ್ ಮೇಲೆ ಅಕ್ಟೋಬರ್ 7ರಂದು ನಡೆದ ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತು, 251 ಜನರನ್ನು ಒತ್ತೆಯಾಳಾಗಿ ಎಳೆದುಕೊಂಡು ಹೋಗಿದ್ದರು. ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ ಅಲ್ಲಿ ಸತ್ತವರ ಸಂಖ್ಯೆ ಆಗಲೇ 10,000 ದಾಟಿತ್ತು. ಈ ಹೊತ್ತಿನಲ್ಲಿ ಸುಮ್ಮನಿದ್ದರೆ ರಾಜ್ಯಶಾಸ್ತ್ರ ಪಾಠ ಯಾಕೆ ಮಾಡಬೇಕು ಅನ್ನಿಸಿ, ಒಂದು ಡಿಬೇಟ್ ಇಟ್ಟೆ. ವಿಷಯ: ಇಸ್ರೇಲ್‌ಗೆ ಅಮೆರಿಕ ಕೊಡುವ ಸೇನಾ ನೆರವಿಗೆ ಷರತ್ತು ಹಾಕಬೇಕೇ? ಊರಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆಗೆ ಹೋಗುತ್ತಿದ್ದ ಕಾಲದ ಅಭ್ಯಾಸ ನನ್ನದು: ಬೆಂಚುಗಳನ್ನು ಎದುರುಬದುರು ಎಳೆಸಿದೆ, ನಾಣ್ಯ ಚಿಮ್ಮಿದೆ, ಪರ ಯಾರು, ವಿರೋಧ ಯಾರು ಅಂತ ಅದೇ ತೀರ್ಮಾನಿಸಿತು.

ಡಿಯರ್‌ಬಾರ್ನ್ ಹುಡುಗಿಯೊಬ್ಬಳ ಪಾಲಿಗೆ ‘ವಿರೋಧ’ ಬಂತು. ಅಂದರೆ ಷರತ್ತು ಬೇಡ ಎಂದು ವಾದಿಸಬೇಕು. ನಾಲ್ಕೈದು ಸಾಲು ಓದಿದಳು. ಆಮೇಲೆ ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿ, “ನಮ್ಮ ದೊಡ್ಡಮ್ಮನ ಮನೆ ಗಾಜಾದ ಖಾನ್ ಯೂನಿಸ್‌ನಲ್ಲಿದೆ, ಪ್ರೊಫೆಸರ್. ಇದನ್ನ ನಾನು ಓದಲ್ಲ” ಎಂದು ಬ್ಯಾಗ್ ಎತ್ತಿಕೊಂಡು ಹೊರಟುಹೋದಳು. ಎದುರು ಬೆಂಚಿನಲ್ಲಿದ್ದ ಯೆಹೂದಿ ಹುಡುಗನ ಸೋದರಸಂಬಂಧಿಯನ್ನು ಇಸ್ರೇಲ್‌ನಲ್ಲಿ ಮೀಸಲು ಪಡೆಗೆ ಕರೆಸಿಕೊಂಡಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. ಅವನು ಇಡೀ ತಾಸು ಬಾಯಿಯೇ ಬಿಡಲಿಲ್ಲ.

ಹಾಗಾದರೆ ಗಂಟಲು ಹರಿದುಕೊಂಡವರು ಯಾರು? ಅಲ್ಲಿ ನೆಂಟರಿಷ್ಟರು ಯಾರೂ ಇಲ್ಲದವರು. “ನಿಮ್ಮ ಡೆಮಾಕ್ರಟ್‌ಗಳು”, “ನಿಮ್ಮ ರಿಪಬ್ಲಿಕನ್‌ಗಳು” ಎಂದೇ ಅವರ ಮಾತು ಶುರುವಾಗುತ್ತಿತ್ತು. ಅವರಿಗೆ ಗಾಜಾ ಎಂದರೆ ಓಹಾಯೋದ ಸೆನೆಟ್ ಚುನಾವಣೆಯ ಇನ್ನೊಂದು ಹೆಸರು, ಅಷ್ಟೇ.

ಮರುವಾರ ಆ ಹುಡುಗಿಯ ಹತ್ತಿರ ಕ್ಷಮೆ ಕೇಳಿದೆ. ತಲೆಯಾಡಿಸಿದಳು, ಮಾತಾಡಲಿಲ್ಲ. ಡಿಸೆಂಬರ್ 5ರಂದು ಹಾರ್ವರ್ಡ್, ಪೆನ್ಸಿಲ್ವೇನಿಯಾ, ಎಂಐಟಿ ವಿಶ್ವವಿದ್ಯಾಲಯಗಳ ಅಧ್ಯಕ್ಷೆಯರನ್ನು ಅಮೆರಿಕದ ಸಂಸತ್ತಿನ ಸಮಿತಿ ಕೂರಿಸಿಕೊಂಡು, ಕ್ಯಾಂಪಸ್ಸಿನಲ್ಲಿ ಯೆಹೂದಿ ದ್ವೇಷದ ಬಗ್ಗೆ ಪ್ರಶ್ನೆ ಕೇಳಿತು. ತಿಂಗಳೊಳಗೆ ಅವರಲ್ಲಿ ಇಬ್ಬರು ರಾಜೀನಾಮೆ ಕೊಟ್ಟರು. ದೊಡ್ಡದೊಡ್ಡವರದೇ ಈ ಗತಿ, ಸೆಮಿಸ್ಟರ್ ಲೆಕ್ಕದ ಗುತ್ತಿಗೆಯವಳು ನಾನು. ವಿಷಯ ಬಿಟ್ಟುಬಿಡು ಎಂದು ಸಹೋದ್ಯೋಗಿಗಳು ಹೇಳಿದರು. ಬಿಟ್ಟೂ ಬಿಡುತ್ತಿದ್ದೆನೇನೋ. ಆದರೆ 2024ರ ಫೆಬ್ರವರಿ 27ರಂದು ಮಿಷಿಗನ್ನಿನ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯಲ್ಲಿ ಗಾಜಾ ವಿಷಯದಲ್ಲಿ ಬೈಡನ್ ಮೇಲಿನ ಸಿಟ್ಟಿಗೆ ಒಂದು ಲಕ್ಷಕ್ಕೂ ಹೆಚ್ಚು ಜನ ‘ಅನ್‌ಕಮಿಟೆಡ್’, ಅಂದರೆ ಯಾವ ಅಭ್ಯರ್ಥಿಗೂ ಬದ್ಧರಲ್ಲ, ಎಂಬ ಖಾನೆಗೆ ಮತ ಹಾಕಿದರು. ನನ್ನ ವಿದ್ಯಾರ್ಥಿಗಳಲ್ಲೂ ಅಂಥವರಿದ್ದರು. ಮನೆಬಾಗಿಲಿಗೇ ಬಂದ ವಿಷಯವನ್ನು ತರಗತಿಯ ಹೊರಗೆ ನಿಲ್ಲಿಸುವುದು ಹೇಗೆ?

ಎರಡನೇ ಸಲ ಬೆಂಚುಗಳನ್ನು ಎದುರುಬದುರು ಇಡಲಿಲ್ಲ. ಮೊದಲು ಚೀಟಿ ಆಟ. ಅಮೆರಿಕದ ಅಧ್ಯಕ್ಷರು ಮಾಡಿದ ಒಂದೊಂದು ಕೆಲಸವನ್ನು, ಹೆಸರಿಲ್ಲದೆ, ಒಂದೊಂದು ಚೀಟಿಯಲ್ಲಿ ಬರೆದಿದ್ದೆ. ಯಾವ ಪಕ್ಷದವರ ಕೆಲಸ ಇದು, ಹೇಳಿ. ಈಜಿಪ್ಟಿನ ಸಿನಾಯ್‌ನಿಂದ ಸೇನೆ ತೆಗೆಯಿರಿ ಎಂದು 1957ರಲ್ಲಿ ಇಸ್ರೇಲ್ ಮೇಲೆ ಒತ್ತಡ ಹಾಕಿದವರು? “ಡೆಮಾಕ್ರಟ್!” ಅಲ್ಲ, ಐಸೆನ್‌ಹೋವರ್, ರಿಪಬ್ಲಿಕನ್. ಆಕ್ರಮಿತ ಪ್ರದೇಶದಲ್ಲಿ ವಸಾಹತು ಕಟ್ಟುವುದರ ತಕರಾರಿಗೆ 1991ರಲ್ಲಿ 1,000 ಕೋಟಿ ಡಾಲರ್‌ನ ಸಾಲದ ಖಾತರಿಯನ್ನು ತಡೆಹಿಡಿದವರು? ಅದೂ ರಿಪಬ್ಲಿಕನ್, ಹಿರಿಯ ಬುಷ್. ಹತ್ತು ವರ್ಷಕ್ಕೆ 3,800 ಕೋಟಿ ಡಾಲರ್ ಸೇನಾ ನೆರವಿನ ಒಪ್ಪಂದ ಮಾಡಿದ್ದು 2016ರಲ್ಲಿ, ಒಬಾಮಾ ಕಾಲದಲ್ಲಿ. ಘೋಷಣೆಯಾದ 11 ನಿಮಿಷಕ್ಕೆ ಇಸ್ರೇಲನ್ನು ಮಾನ್ಯ ಮಾಡಿದ್ದು ಟ್ರೂಮನ್. ಇವರಿಬ್ಬರೂ ಡೆಮಾಕ್ರಟ್‌ಗಳು. ಅರ್ಧಕ್ಕರ್ಧ ಉತ್ತರ ತಪ್ಪಾದವು. ಎರಡೂ ಪಕ್ಷ ಒಂದೇ ಎಂದು ತೋರಿಸಲು ಇದನ್ನು ಮಾಡಲಿಲ್ಲ. ಇವತ್ತು ಒಂದೇ ಅಲ್ಲವೇ ಅಲ್ಲ. ಪಕ್ಷದ ಚೀಟಿ ನೋಡಿ ಇತಿಹಾಸ ಊಹಿಸುವ ಚಾಳಿ ಒಂದು ಗಂಟೆಯಾದರೂ ನಿಲ್ಲಲಿ ಅಂತಿತ್ತು.

ಆಮೇಲೆ ಬೋರ್ಡಿನ ಮೇಲೆ ಒಂದೇ ವಾಕ್ಯ. ಇಸ್ರೇಲ್ ಮತ್ತು ಅರಬ್ ದೇಶಗಳ ನಡುವಿನ ಆರು ದಿನದ ಯುದ್ಧದ ನಂತರ, 1967ರ ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಒಮ್ಮತದಿಂದ ಅಂಗೀಕರಿಸಿದ 242ನೇ ನಿರ್ಣಯದ ಸಾಲು: ‘ಇತ್ತೀಚಿನ ಸಂಘರ್ಷದಲ್ಲಿ ಆಕ್ರಮಿಸಿಕೊಂಡ ಪ್ರದೇಶಗಳಿಂದ’ ಇಸ್ರೇಲಿ ಸೇನೆ ಹಿಂದೆ ಸರಿಯಬೇಕು. ಇಂಗ್ಲಿಷಿನಲ್ಲಿ ‘ಫ್ರಂ ಟೆರಿಟರೀಸ್’ ಎಂದಿದೆ, ‘ಫ್ರಂ ದಿ ಟೆರಿಟರೀಸ್’ ಎಂದಿಲ್ಲ. ಆ ‘ದಿ’ ಬೇಕೆಂದೇ ಬಿಟ್ಟದ್ದು, ಹಾಗಾಗಿ ಎಲ್ಲ ಪ್ರದೇಶದಿಂದ ಸರಿಯಬೇಕಿಲ್ಲ ಎನ್ನುವುದು ಇಸ್ರೇಲ್ ವಾದ. ಅರಬ್ಬರು ತೋರಿಸುವುದು ಅದೇ ನಿರ್ಣಯದ ಪೀಠಿಕೆಯನ್ನು: ಯುದ್ಧದಿಂದ ನೆಲ ಗಳಿಸುವುದು ಒಪ್ಪತಕ್ಕದ್ದಲ್ಲ.

ಹೋದ ಸಲ ಬಾಯಿಬಿಡದ ಹುಡುಗ ಈ ಸಲವೂ ಇದ್ದ, ನನ್ನ ಇನ್ನೊಂದು ಕೋರ್ಸಿಗೆ ಸೇರಿದ್ದ. ಎದ್ದುಹೋಗಿ ಬೋರ್ಡಿನಲ್ಲಿ ‘ದಿ’ ಇರಬೇಕಾದ ಜಾಗಕ್ಕೆ ಒಂದು ಪುಟ್ಟ ಚೌಕ ಬರೆದ. “ಇದು ಖಾಲಿ. ಖಾಲಿ ಇಟ್ಟದ್ದಕ್ಕೇ ಎಲ್ಲರೂ ಕೈ ಎತ್ತಿದರು.” ಲೆಬನಾನ್ ಮೂಲದ ಹುಡುಗಿಯೊಬ್ಬಳು ಫೋನಿನಲ್ಲಿ ಫ್ರೆಂಚ್ ಪಠ್ಯ ಹುಡುಕಿ, ಚೌಕದ ಕೆಳಗೆ ‘ದೇ ತೆರಿತ್ವಾರ್’ ಎಂದು ಬರೆದಳು. ‘ದೇ’ ಅಂದರೆ ‘ದ’ ಮತ್ತು ‘ಲೇ’ ಕೂಡಿದ್ದು, ಅದರೊಳಗೆ ನಿಮ್ಮ ‘ದಿ’ ಕೂತಿದೆ, ಫ್ರೆಂಚೂ ಅಧಿಕೃತವೇ ತಾನೇ ಎಂದಳು. ನಾನು ಒಂದೇ ನಿಯಮ ಇಟ್ಟಿದ್ದೆ: ಎದುರಿನವರು ಹೇಳಿದ್ದನ್ನು ಮೊದಲು ನೀವು ಹೇಳಬೇಕು, ಅವರು “ಹೌದು, ನಾನಂದದ್ದು ಇದೇ” ಅನ್ನಬೇಕು, ಆಮೇಲೆ ನಿಮ್ಮ ಮಾತು. ಹುಡುಗ ಅವಳ ವಾದವನ್ನು ಮೂರು ಸಲ ಹೇಳಿದ. ಎರಡು ಸಲ “ಅಲ್ಲ” ಅಂದಳು. ಮೂರನೇ ಸಲ ಹೂಂಗುಟ್ಟಿದಳು. ಒಂದು ವ್ಯಾಕರಣಕ್ಕೆ ಇಪ್ಪತ್ತೈದು ನಿಮಿಷ. ಬೈಡನ್ ಹೆಸರೂ ಬರಲಿಲ್ಲ, ಟ್ರಂಪ್ ಹೆಸರೂ ಬರಲಿಲ್ಲ. ಹಿಂದಿನ ಬೆಂಚಿನ ಇರಾಕಿ ಕ್ರೈಸ್ತ ಹುಡುಗ, ಕಾಲ್ಡಿಯನ್, ನಡುವೆ ಬಾಯಿ ಹಾಕಿ, ಬಾಗ್ದಾದಿನಲ್ಲಿ ತನ್ನ ಅಜ್ಜಿಯ ಪಕ್ಕದ ಮನೆಯ ಯೆಹೂದಿಗಳು 1951ರಲ್ಲಿ ಹೊರಟುಹೋದ ಕತೆ ಹೇಳಿದ. ಅದು ಪಾಠಕ್ಕೆ ಸೇರಿದ್ದಲ್ಲ. ಆದರೂ ತಡೆಯಲಿಲ್ಲ.

ಯಾರ ಅಭಿಪ್ರಾಯವೂ ಬದಲಾಗಲಿಲ್ಲ, ಬದಲಾಗುತ್ತದೆ ಎಂದು ನಾನು ಕಾದೂ ಇರಲಿಲ್ಲ. ಖಾನ್ ಯೂನಿಸ್ ಹುಡುಗಿ ಮತ್ತೆ ನನ್ನ ಯಾವ ತರಗತಿಗೂ ಸೇರಲಿಲ್ಲ.

“ನಿಮ್ಮ ಭಾಷೆಯಲ್ಲಿ ಹೇಗೆ ಬರೆಯುತ್ತೀರಿ?” ಎಂದು ಕೊನೆಗೆ ಯಾರೋ ಕೇಳಿದರು. ಚೌಕದ ಪಕ್ಕ ‘ಪ್ರದೇಶಗಳಿಂದ’ ಎಂದು ಬರೆದು ಸುಮ್ಮನೆ ನಿಂತೆ. ನಮ್ಮಲ್ಲಿ ‘ದಿ’ ಎಂಬುದೇ ಇಲ್ಲವಲ್ಲ! ರಷ್ಯನ್ ಭಾಷೆಯಲ್ಲೂ ಇಲ್ಲ.

ಸಾಗರದಲ್ಲಿರುವ ನನ್ನ ಸೋದರಮಾವನಿಗೆ ಈ ಯುದ್ಧದ ಬಗ್ಗೆ ಬಲವಾದ ನಿಲುವಿದೆ. ಅದು ಯಾವ ಪಕ್ಷಕ್ಕೆ ಮತ ಹಾಕುತ್ತಾನೋ ಅದರ ಜೊತೆಗೇ ಬಂದದ್ದು, ಹೊಸ ಮೊಬೈಲ್ ಜೊತೆ ಚಾರ್ಜರ್ ಬಂದ ಹಾಗೆ. 1918ರಲ್ಲಿ ಹೈಫಾ ಗೆದ್ದ ಕುದುರೆ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು ಎಂದು ಹೆಮ್ಮೆಯಿಂದ ಹೇಳುತ್ತಾನೆ, ನಿಜವೇ. 1947ರಲ್ಲಿ ಪ್ಯಾಲೆಸ್ಟೈನ್ ವಿಭಜನೆಯ ವಿರುದ್ಧ ಭಾರತ ಮತ ಹಾಕಿತ್ತು ಎಂದರೆ ಮಾತ್ರ ಸಿಗ್ನಲ್ ಸರಿಯಿಲ್ಲ ಅನ್ನುತ್ತಾನೆ. ವಾರಕ್ಕೊಮ್ಮೆ ಫೋನ್ ಮಾಡಿ, “ಅದೆಲ್ಲ ಇರಲಿ, ನೀ ಯಾರ ಪರ ಹೇಳೇ?” ಎಂದು ಕೇಳದೆ ಬಿಡುವವನಲ್ಲ.

ಆ ರಾತ್ರಿ ಉತ್ತರ ಕೊಡುವ ಬದಲು, 242ರ ಆ ಸಾಲನ್ನು ಕನ್ನಡದಲ್ಲಿ ಬರೆದು ವಾಟ್ಸಾಪ್ ಮಾಡಿದೆ. ಅಲ್ಲಿ ಬೆಳಗಿನ ಕಾಫಿ ಹೊತ್ತು. ಎರಡು ನೀಲಿ ಗೀಟು ಬಿದ್ದವು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮಾವನ ವಾಯ್ಸ್ ಮೆಸೇಜ್ ಬಂತು.

“ಪ್ರದೇಶಗಳಿಂದ ಅಂದ್ರೆ ಎಂತದೇ ಇದು? ಎಲ್ಲದರಿಂದ್ಲೋ, ಕೆಲವದರಿಂದ್ಲೋ? ಸರಿಯಾಗಿ ಬರಿಯಕ್ಕೆ ಏನಾಗಿತ್ತು ಇವ್ರಿಗೆ?”