ತೊರಕೆ ಮೀನಿನ ಲಾಡಿಹುಳು: ಬಳ್ಳಾರಿಯಲ್ಲಿ ಮಾಡಿದ ಅಂಗಾಂಶ ರಸಾಯನ

ಬಳ್ಳಾರಿಯ ಮಾರುಕಟ್ಟೆಗೆ ಮಂಜುಗಡ್ಡೆಯಲ್ಲಿ ಬರುವ ಕಡಲ ಮೀನು ಸಾರು ಮಾಡಲು ಚೆನ್ನ, ಅಂಗಾಂಶ ರಸಾಯನದ ಕೆಲಸಕ್ಕೆ, ಅಂದರೆ ಅಂಗಾಂಶದಲ್ಲಿ ಯಾವ ವಸ್ತು ಎಲ್ಲಿದೆ ಎಂದು ಬಣ್ಣ ಹಾಕಿ ನೋಡುವ ಕೆಲಸಕ್ಕೆ, ಒದಗುವುದಿಲ್ಲ. ಮೀನು ಸತ್ತ ಮೇಲೆ ಅದರ ಕರುಳಿನ ಹುಳುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಕರಗುತ್ತ ಹೋಗುತ್ತದೆ. ಆದ್ದರಿಂದ ಬೆಳಿಗ್ಗೆ ಹೋಗಿ ಅಂದೇ ಮರಳುವ ದೋಣಿಗಳ ತೊರಕೆ ಮೀನನ್ನು (ಚಪ್ಪಟೆ ಮೈಯ ರೇ ಮೀನು) ಉಡುಪಿಯ ಬಳಿಯ ಮಲ್ಪೆ ಬಂದರಿನಲ್ಲಿಯೇ ಕೊಯ್ದು, ಸುರುಳಿ ಕರುಳಿನಿಂದ ಲಾಡಿಹುಳುಗಳನ್ನು ಬಿಡಿಸಿ, ಅಲ್ಲಿಯೇ ಸ್ಥಿರೀಕರಿಸಿ (ಕೆಡದಂತೆ ದ್ರಾವಣದಲ್ಲಿ ಅದ್ದಿಟ್ಟು) ಇಲ್ಲಿಗೆ ತರುತ್ತಿದ್ದೆ. ತೊರಕೆಯ ಅಂಗಾಂಶಗಳಲ್ಲಿ ಯೂರಿಯಾ ಹೆಚ್ಚು. ಹುಳುವೂ ಅದಕ್ಕೆ ಒಗ್ಗಿಕೊಂಡಿರುವುದರಿಂದ ನಲ್ಲಿ ನೀರು ತಾಗಿದರೆ ಉಬ್ಬಿ ಹಾಳಾಗುತ್ತದೆ. ತೊಳೆಯುವುದಕ್ಕೆ ಉಪ್ಪಿನ ಜೊತೆಗೆ ಯೂರಿಯಾ ಬೆರೆಸಿದ ದ್ರಾವಣವೇ ಆಗಬೇಕು.

ಸ್ಥಿರೀಕರಣಕ್ಕೆ, ಗ್ಲೈಕೋಜನ್ ನೋಡಲು ಎಥನಾಲ್, ಕ್ಲೋರೋಫಾರ್ಮ್, ಅಸಿಟಿಕ್ ಆಮ್ಲಗಳನ್ನು 6:3:1ರಲ್ಲಿ ಬೆರೆಸಿದ ಕಾರ್ನಾಯ್ ದ್ರಾವಣವನ್ನೂ, ಕಿಣ್ವಗಳಿಗೆ ತಣ್ಣನೆಯ ಅಸಿಟೋನನ್ನೂ ಬಳಸಿದೆ. ಏಪ್ರಿಲ್‌ ಬಂದರೆ ಇಲ್ಲಿ ಹುಳುವನ್ನು ಹುದುಗಿಸಿದ ಪ್ಯಾರಾಫಿನ್ ಮೇಣದ ಅಚ್ಚು ಮೆತ್ತಗಾಗಿ, ಕತ್ತರಿಸುವ ಯಂತ್ರವಾದ ಮೈಕ್ರೋಟೋಮಿನಿಂದ ಬರುವ ಛೇದಗಳು, ಅಂದರೆ ತೆಳು ಪದರಗಳು, ಮುದುಡುತ್ತವೆ. ಹೆಚ್ಚು ತಾಪದಲ್ಲಿ ಕರಗುವ ಮೇಣವನ್ನು ಆರಿಸಿ, ಅಚ್ಚನ್ನು ಮಂಜುಗಡ್ಡೆಯ ಮೇಲಿಟ್ಟು ಕತ್ತರಿಸಬೇಕಾಗುತ್ತದೆ.

ಪೀರಿಯಾಡಿಕ್ ಆಮ್ಲ ಮತ್ತು ಶಿಫ್ ದ್ರಾವಣ ಸೋಕಿದಾಗ ಲಾಡಿಹುಳುವಿನ ಒಳ ಅಂಗಾಂಶವೆಲ್ಲ ಗಾಢ ನೇರಳೆಗೆಂಪಾಗುತ್ತದೆ. ಆ ಬಣ್ಣವನ್ನಷ್ಟೇ ನೋಡಿ ಗ್ಲೈಕೋಜನ್ ಎಂದು ಬರೆಯಲಾಗದು, ಏಕೆಂದರೆ ಸಕ್ಕರೆ ಸೇರಿದ ಪ್ರೋಟೀನ್ ಆದ ಗ್ಲೈಕೋಪ್ರೋಟೀನ್ ಕೂಡ ಅದೇ ಬಣ್ಣ ಕೊಡುತ್ತದೆ. ಅದೇ ಹುಳುವಿನ ಪಕ್ಕದ ಛೇದದ ಮೇಲೆ ಮೊದಲು ನನ್ನದೇ ಎಂಜಲನ್ನು ಹರಡಿ, 37 ಡಿಗ್ರಿಯಲ್ಲಿ ಇರಿಸಿ, ತೊಳೆದು, ಅನಂತರ ಬಣ್ಣ ಹಾಕುತ್ತಿದ್ದೆ. (ನಮ್ಮ ಊರಿನ ಬೇಸಿಗೆಯ ಮಧ್ಯಾಹ್ನ ಇದಕ್ಕೆ ಬೇರೆ ಶಾಖಪೆಟ್ಟಿಗೆಯೇ ಬೇಡ.) ಎಂಜಲಿನ ಅಮೈಲೇಸ್ ಎಂಬ ಕಿಣ್ವ ಗ್ಲೈಕೋಜನ್ನನ್ನು ಕರಗಿಸಿದ್ದರಿಂದ ಒಳ ಅಂಗಾಂಶ ಬಿಳಿಚಿಕೊಂಡು, ದೇಹಾವರಣದ (ಹುಳುವಿನ ಹೊರಮೈ ಪದರದ) ಮೇಲಿನ ತೆಳು ಗೆರೆ ಮಾತ್ರ ಉಳಿಯಿತು, ಆ ಗೆರೆ ಗ್ಲೈಕೋಜನ್ನಿನದಲ್ಲ. ಕೋಶದ ಒಂದೇ ಬದಿಗೆ ಗ್ಲೈಕೋಜನ್ ಗುಂಪುಗಟ್ಟಿರುವಂತೆ ಕಂಡರೆ, ಅದು ಸ್ಥಿರೀಕರಣ ದ್ರಾವಣ ಒಳನುಗ್ಗಿದ ದಿಕ್ಕಿನ ಫಲವಿರಬಹುದು; ಅಂಗದ ಕಾರ್ಯಕ್ಕೆ ಅದರಿಂದ ಅರ್ಥ ಕಟ್ಟಬಾರದು.

ಕರುಳೇ ಇಲ್ಲದ ಲಾಡಿಹುಳು ಆಹಾರವನ್ನೆಲ್ಲ ದೇಹಾವರಣದಿಂದಲೇ ಹೀರುತ್ತದೆ. ಅಲ್ಲಿನ ಕ್ಷಾರೀಯ ಫಾಸ್ಫಟೇಸ್ ಎಂಬ ಕಿಣ್ವವನ್ನು, ಅದು ಇರುವಲ್ಲಿ ಕಪ್ಪು ಮೂಡಿಸುವ ಗೊಮೊರಿ ವಿಧಾನದಿಂದ ನೋಡಿದಾಗ, ಕೋಬಾಲ್ಟ್ ಸಲ್ಫೈಡಿನ ಕಪ್ಪು ಅಂಚು ಕಾಣಿಸಿತು. ಆ ಕಿಣ್ವ ಒಡೆಯುವ ಗ್ಲಿಸರೋಫಾಸ್ಫೇಟ್ ಬಿಟ್ಟು ಮಾಡಿದ ಸ್ಲೈಡಿನಲ್ಲಿ ಅದು ಮೂಡಲಿಲ್ಲ. ಇಷ್ಟಾದರೂ ಮೀನಿನ ಕರುಳಿನ ಕಿಣ್ವವೇ ಹುಳುವಿನ ಮೈಗೆ ಅಂಟಿರಬಹುದೆಂಬ ಸಂಶಯ ಉಳಿಯುತ್ತದೆ. ಹಾಗಾಗಿ ಚೆನ್ನಾಗಿ ತೊಳೆದ ಹುಳುಗಳಲ್ಲಿ, ಕಪ್ಪು ಬಣ್ಣ ಅಂಚಿನಿಂದ ಒಳಪದರಕ್ಕೂ ಇಳಿದಿದ್ದ ಛೇದಗಳನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದೆ.